ಬೊರೆಲಿಯ ಬರ್ಗ್‌ಡಾರ್ಫೆರಿ

ಬೊರೆಲಿಯ ಬರ್ಗ್‌ಡಾರ್ಫೆರಿ: ಲೈಮ್ ರೋಗಕ್ಕೆ ಕಾರಣವಾದ ಸುರುಳಿಯಾಕಾರದ ಬ್ಯಾಕ್ಟೀರಿಯ. ಸ್ಪೈರೋಕೀಟ್ ವರ್ಗಕ್ಕೆ ಸೇರಿದ್ದು. ಸಿಫಿಲಿಸ್ ರೋಗಾಣುವೂ ಇಲಿಜ್ವರದ ಲೆಪ್ಟೊಸ್ಪೈರವೂ ಇದರ ದೂರದ ದಾಯಾದಿಗಳು. ಗಾಳಿ, ನೀರು, ಮಣ್ಣುಗಳಲ್ಲಿ ಸ್ವತಂತ್ರವಾಗಿ ಬದುಕಲಾರದು. ಇಕ್ಸೋಡಿಸ್ ಜಾತಿಯ ಉಣುಗುಗಳ ಕರುಳಿನಲ್ಲಿ ಮತ್ತು ಆ ಉಣುಗುಗಳು ರಕ್ತ ಹೀರುವ ಇಲಿ, ಅಳಿಲು, ಹಕ್ಕಿ ಮುಂತಾದ ಪ್ರಾಣಿಗಳ ಮೈಯಲ್ಲಿ ಸರದಿಯಂತೆ ನೆಲೆಸಿ ವಂಶ ಮುಂದುವರಿಸುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗ ಮತ್ತು ಪಶ್ಚಿಮ ಕರಾವಳಿ, ಯೂರೋಪು, ರಷ್ಯದಿಂದ ಜಪಾನಿನವರೆಗಿನ ಸಮಶೀತೋಷ್ಣ ಕಾಡುಗಳು ಇದರ ಮತ್ತು ಇದರ ಹತ್ತಿರದ ಬಂಧುಗಳ ನೆಲೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಮಂದಿ ಲೈಮ್ ರೋಗಕ್ಕೆಂದು ಚಿಕಿತ್ಸೆ ಪಡೆಯುತ್ತಾರೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2010ರಿಂದ 2018ರವರೆಗಿನ ವಿಮಾ ದಾಖಲೆಗಳಿಂದ ಅಂದಾಜು ಮಾಡಿದೆ.

ಮನುಷ್ಯನನ್ನು ಕಾಡುವ ಬಹಳಷ್ಟು ಬ್ಯಾಕ್ಟೀರಿಯಗಳು ವಿಷವನ್ನು ಸ್ರವಿಸಿ ಹಾನಿ ಮಾಡುತ್ತವೆ. ಇದರ ಬಳಿ ಅಂಥ ವಿಷವೇನೂ ಪತ್ತೆಯಾಗಿಲ್ಲ. ಆಹಾರ ತಯಾರಿಸಿಕೊಳ್ಳುವ ಶಕ್ತಿಯೂ ಇದಕ್ಕೆ ಅತ್ಯಲ್ಪ. ಇದಕ್ಕಿರುವ ಬಂಡವಾಳವೆಂದರೆ ಎರಡೇ: ಗಟ್ಟಿ ಅಂಗಾಂಶದ ನಡುವೆಯೂ ನುಸುಳುವ ಚಲನೆ, ಮತ್ತು ಎಲ್ಲಿದೆಯೋ ಅಲ್ಲಿಗೆ ತಕ್ಕಂತೆ ಹೊರಮೈಯ ಪ್ರೋಟೀನುಗಳನ್ನು ಬದಲಿಸಿಕೊಳ್ಳುವ ಜಾಣತನ. ರೋಗದ ನೋವು, ಬಾವು, ಮುಖದ ಪಾರ್ಶ್ವವಾಯುಗಳೆಲ್ಲ ಬಹುಮಟ್ಟಿಗೆ ನಮ್ಮ ದೇಹವೇ ಇದರ ಮೇಲೆ ಹೂಡಿದ ಯುದ್ಧದ ಫಲ.

ರಚನೆ ಮತ್ತು ಚಲನೆ

ಕೋಶದ ಉದ್ದ 10ರಿಂದ 20 ಮೈಕ್ರೊಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ದಪ್ಪ ಮಾತ್ರ 0.2ರಿಂದ 0.3 ಮೈಕ್ರೊಮೀಟರ್. ಇಷ್ಟು ತೆಳ್ಳಗಿರುವುದರಿಂದ ಸಾಮಾನ್ಯ ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣದು. ಹಿನ್ನೆಲೆಯನ್ನು ಕತ್ತಲಾಗಿಸಿ ವಸ್ತುವನ್ನು ಮಾತ್ರ ಬೆಳಗಿಸುವ ಕರಿ-ಹಿನ್ನೆಲೆ ಸೂಕ್ಷ್ಮದರ್ಶಕ ಬೇಕು. ಒಳಪೊರೆ, ಅದರ ಮೇಲೆ ಕೋಶಗೋಡೆಯ ಪದಾರ್ಥವಾದ ಪೆಪ್ಟಿಡೊಗ್ಲೈಕನ್ನಿನ ತೆಳು ಪದರ, ಎಲ್ಲಕ್ಕೂ ಹೊರಗೆ ಸಡಿಲವಾದ ಹೊರಪೊರೆ. ಎರಡು ಪೊರೆಗಳಿದ್ದರೂ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಗಳ ಹೊರಪೊರೆಯ ಗುರುತಾದ ಲಿಪೊಪಾಲಿಸ್ಯಾಕರೈಡ್ ಇದರಲ್ಲಿಲ್ಲ. ಆ ಜಾಗದಲ್ಲಿ ಕೊಬ್ಬಿನ ಬಾಲ ಅಂಟಿಸಿಕೊಂಡ ಲಿಪೊಪ್ರೋಟೀನುಗಳು ದಟ್ಟವಾಗಿ ತುಂಬಿವೆ. ನೂರಕ್ಕೂ ಹೆಚ್ಚು ಬಗೆಯ ಲಿಪೊಪ್ರೋಟೀನುಗಳಿಗೆ ಇದರ ಜೀನುಗಳಲ್ಲಿ ನಕ್ಷೆಯಿದೆ.

ಚಲನೆಯ ಅಂಗಗಳಾದ ಕಶಾಂಗಗಳು ಬೇರೆ ಬ್ಯಾಕ್ಟೀರಿಯಗಳಲ್ಲಿ ಹೊರಗೆ ಚಾಚಿಕೊಂಡಿರುತ್ತವೆ. ಇಲ್ಲಿ ಅವು ಎರಡು ಪೊರೆಗಳ ನಡುವಣ ಕಿರುಜಾಗದಲ್ಲೇ ಅಡಗಿವೆ. ಪ್ರತಿ ತುದಿಯಿಂದ 7ರಿಂದ 11 ಕಶಾಂಗಗಳು ಹೊರಟು ಮಧ್ಯಭಾಗದತ್ತ ಮೈಗೆ ಸುತ್ತಿಕೊಂಡು ಸಾಗುತ್ತವೆ. ಅವು ತಿರುಗಿದಾಗ ಇಡೀ ದೇಹ ಅಲೆಯಲೆಯಾಗಿ ಬಳುಕಿ ಮುಂದೆ ಸರಿಯುತ್ತದೆ. ದೇಹದ ಅಲೆ ಆಕಾರವೂ ಇವುಗಳ ಕೊಡುಗೆಯೇ. ಕಶಾಂಗದ ಮುಖ್ಯ ಪ್ರೋಟೀನಿನ ಜೀನನ್ನು ಕೆಡಿಸಿದರೆ ಕೋಶ ನೆಟ್ಟಗಿನ ಕಡ್ಡಿಯಾಗಿ ನಿಶ್ಚಲವಾಗುತ್ತದೆ. ಕಶಾಂಗ ಒಳಗಿರುವುದರಿಂದ ಎರಡು ಲಾಭ. ಚರ್ಮದ ಕೆಳಗಿನ ಕೊಲಾಜನ್ ಎಳೆಗಳ ಜಾಲದಂಥ ಜಿಗುಟು ಮಾಧ್ಯಮದಲ್ಲಿ, ಬೇರೆ ಬ್ಯಾಕ್ಟೀರಿಯಗಳು ಸಿಕ್ಕಿಹಾಕಿಕೊಳ್ಳುವ ಕಡೆಯಲ್ಲಿ, ಇದು ಸಲೀಸಾಗಿ ಹೋಗುತ್ತದೆ. ಜೊತೆಗೆ, ರೋಗನಿರೋಧಕ ವ್ಯವಸ್ಥೆ ಬಹುಬೇಗ ಗುರುತಿಸುವ ಕಶಾಂಗದ ಪ್ರೋಟೀನು ಅದರ ಕಣ್ಣಿಗೆ ಬೀಳದಂತೆ ಮುಚ್ಚಿರುತ್ತದೆ.

ಜೀನೋಮ್

ಬಿ31 ಎಂಬ ತಳಿಯ ಸಂಪೂರ್ಣ ಜೀನೋಮ್ 1997ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಗಳ ವರ್ಣತಂತು ಸಾಮಾನ್ಯವಾಗಿ ಉಂಗುರದಂತೆ ಕೂಡಿಕೊಂಡಿರುತ್ತದೆ. ಇದರದು ನಮ್ಮ ವರ್ಣತಂತುಗಳ ಹಾಗೆ ಎರಡು ತುದಿಗಳಿರುವ ನೇರ ಎಳೆ. ಉದ್ದ ಸುಮಾರು 9.1 ಲಕ್ಷ ಬೇಸ್ ಜೋಡಿ. ತುದಿಗಳಲ್ಲಿ ಡಿಎನ್‌ಎಯ ಒಂದು ಎಳೆ ಮಡಿಸಿ ಇನ್ನೊಂದಾಗಿ ಮುಂದುವರಿಯುತ್ತದೆ, ಹಾಗಾಗಿ ಬಿಚ್ಚಿದ ತುದಿಯೇ ಇಲ್ಲ. ನಕಲಾದ ಮೇಲೆ ಈ ತುದಿಗಳನ್ನು ಕತ್ತರಿಸಿ ಮತ್ತೆ ಮಡಿಸುವ ಕೆಲಸಕ್ಕೆ ರೆಸ್‌ಟಿ ಎಂಬ ಕಿಣ್ವವಿದೆ. ವರ್ಣತಂತುವಿನ ಜೊತೆಗೆ 21 ಪ್ಲಾಸ್ಮಿಡ್‌ಗಳು, ಅಂದರೆ ಪ್ರತ್ಯೇಕವಾಗಿ ನಕಲಾಗುವ ಕಿರು ಡಿಎನ್‌ಎ ತುಣುಕುಗಳು: 12 ನೇರ, 9 ಉಂಗುರ. ಒಂದೇ ಬ್ಯಾಕ್ಟೀರಿಯದಲ್ಲಿ ಇಷ್ಟೊಂದು ಪ್ಲಾಸ್ಮಿಡ್‌ಗಳು ಅದುವರೆಗೆ ಬೇರೆಲ್ಲೂ ಕಂಡಿರಲಿಲ್ಲ. ಇವನ್ನು ಹೆಚ್ಚುವರಿ ಸಾಮಾನು ಎಂದುಕೊಳ್ಳುವಂತಿಲ್ಲ. ಪ್ರಯೋಗಶಾಲೆಯ ಸಾರದಲ್ಲಿ ಬಹಳ ಕಾಲ ಬೆಳೆಸಿದಾಗ ಕೆಲವು ಪ್ಲಾಸ್ಮಿಡ್‌ಗಳು ಕಳೆದುಹೋಗುತ್ತವೆ; ಬ್ಯಾಕ್ಟೀರಿಯ ಗಾಜಿನ ಕೊಳವೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ಇಲಿಗೆ ಸೋಂಕು ತಗಲಿಸಲು ಸೋಲುತ್ತದೆ.

ಜೀನೋಮ್ ಓದಿದವರಿಗೆ ಎದ್ದು ಕಂಡದ್ದು ಅದರಲ್ಲಿ ಇಲ್ಲದ ಸಂಗತಿಗಳು. ಅಮೈನೊ ಆಮ್ಲ, ಕೊಬ್ಬಿನಾಮ್ಲ, ಡಿಎನ್‌ಎಯ ಘಟಕಗಳನ್ನು ಮೊದಲಿನಿಂದ ತಯಾರಿಸುವ ಜೀನುಗಳು ಇದಕ್ಕಿಲ್ಲ. ಆಹಾರದಿಂದ ಹೆಚ್ಚು ಶಕ್ತಿ ತೆಗೆಯುವ ಸಿಟ್ರಿಕ್ ಆಮ್ಲ ಚಕ್ರವಿಲ್ಲ. ಗ್ಲೂಕೋಸನ್ನು ಒಡೆದು ಲ್ಯಾಕ್ಟಿಕ್ ಆಮ್ಲವಾಗಿಸಿ ಬರುವಷ್ಟು ಶಕ್ತಿಯಲ್ಲೇ ಜೀವನ. ಉಣುಗಿನ ಕರುಳಿನಲ್ಲಿ ಗ್ಲೂಕೋಸ್ ಸಿಗದಾಗ ಗ್ಲಿಸರಾಲನ್ನು ಬಳಸುತ್ತದೆ. ಹೀಗೆ ಬೇಕಾದುದನ್ನೆಲ್ಲ ಆಶ್ರಯ ಕೊಟ್ಟ ಪ್ರಾಣಿಯಿಂದಲೇ ಪಡೆಯುವ ಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ದುಬಾರಿಯ, ತಾಳ್ಮೆಯ ಕೆಲಸ. ಮೊಲದ ಸೀರಂ ಸೇರಿದಂತೆ ಹತ್ತಾರು ಪದಾರ್ಥಗಳ ಸಾರದಲ್ಲಿ, 33–34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೂ ಒಂದು ಕೋಶ ಎರಡಾಗಲು ಸುಮಾರು 8ರಿಂದ 12 ಗಂಟೆ ಬೇಕು. ಕರುಳಿನ ಇ. ಕೋಲಿಗೆ ಇದಕ್ಕೆ ಸಾಕಾಗುವುದು 20 ನಿಮಿಷ.

ಇನ್ನೊಂದು ವಿಚಿತ್ರವನ್ನು 2000ದಲ್ಲಿ ಜೇಮ್ಸ್ ಪೋಸಿ ಮತ್ತು ಫ್ರಾಂಕ್ ಗೆರಾರ್ಡಿನಿ ತೋರಿಸಿದರು: ಇದಕ್ಕೆ ಕಬ್ಬಿಣ ಬೇಕಿಲ್ಲ. ಸೋಂಕು ತಗಲಿದೊಡನೆ ರಕ್ತದಲ್ಲಿನ ಕಬ್ಬಿಣವನ್ನು ಬಚ್ಚಿಟ್ಟು ರೋಗಾಣುವನ್ನು ಹಸಿವಿನಿಂದ ಕೊಲ್ಲುವುದು ನಮ್ಮ ದೇಹದ ಹಳೆಯ ಉಪಾಯ. ಬೊರೆಲಿಯ ತನ್ನ ಕಿಣ್ವಗಳಿಗೆ ಮ್ಯಾಂಗನೀಸನ್ನು ಬಳಸಿಕೊಂಡು ಆ ಉಪಾಯವನ್ನೇ ಅರ್ಥಹೀನಗೊಳಿಸಿದೆ.

ಉಣುಗು, ಇಲಿ, ಜಿಂಕೆ

ರೋಗವನ್ನು ಹರಡುವ ಮುಖ್ಯ ಉಣುಗುಗಳು ನಾಲ್ಕು: ಅಮೆರಿಕದ ಪೂರ್ವದಲ್ಲಿ ಇಕ್ಸೋಡಿಸ್ ಸ್ಕ್ಯಾಪುಲಾರಿಸ್, ಪಶ್ಚಿಮ ಕರಾವಳಿಯಲ್ಲಿ ಇಕ್ಸೋಡಿಸ್ ಪೆಸಿಫಿಕಸ್, ಯೂರೋಪಿನಲ್ಲಿ ಇಕ್ಸೋಡಿಸ್ ರಿಸಿನಸ್, ಪೂರ್ವ ಯೂರೋಪಿನಿಂದ ಏಷ್ಯದ ಪೂರ್ವ ತುದಿಯವರೆಗೆ ಇಕ್ಸೋಡಿಸ್ ಪರ್ಸುಲ್ಕಾಟಸ್. ಅಮೆರಿಕದ ಪೂರ್ವದ ಉಣುಗು ಸುಮಾರು ಎರಡು ವರ್ಷ ಬದುಕಿ, ಅಷ್ಟರಲ್ಲಿ ಮೂರೇ ಸಲ ಊಟ ಮಾಡುತ್ತದೆ. ಬೇಸಿಗೆಯ ಕೊನೆಗೆ ಮೊಟ್ಟೆಯೊಡೆದ ಆರು ಕಾಲಿನ ಲಾರ್ವ ಒಂದು ಇಲಿಯನ್ನೋ ಹಕ್ಕಿಯನ್ನೋ ಹಿಡಿದು ರಕ್ತ ಕುಡಿದು ಉದುರುತ್ತದೆ. ಮರುವರ್ಷದ ವಸಂತಕ್ಕೆ ಅದು ಎಂಟು ಕಾಲಿನ ನಿಂಫ್ ಆಗಿ ಎರಡನೆಯ ಊಟಕ್ಕೆ ಹೊರಡುತ್ತದೆ. ಶರತ್ಕಾಲದಲ್ಲಿ ಬಲಿತ ಹೆಣ್ಣು ಜಿಂಕೆಯಂಥ ದೊಡ್ಡ ಪ್ರಾಣಿಯ ಮೇಲೆ ಕೊನೆಯ ಊಟ ಮುಗಿಸಿ, ಮೊಟ್ಟೆಯಿಟ್ಟು ಸಾಯುತ್ತದೆ.

ತಾಯಿ ಉಣುಗಿನಿಂದ ಮೊಟ್ಟೆಗೆ ಬೊರೆಲಿಯ ದಾಟುವುದಿಲ್ಲ. ಪ್ರತಿ ಪೀಳಿಗೆಯೂ ಶುದ್ಧವಾಗಿಯೇ ಹುಟ್ಟಿ, ಮೊದಲ ಊಟದಲ್ಲಿ ಸೋಂಕು ಪಡೆಯಬೇಕು. ಹೀಗಾಗಿ ಲಾರ್ವ ಕಚ್ಚುವ ಪ್ರಾಣಿಯ ರಕ್ತ, ಚರ್ಮಗಳಲ್ಲಿ ಬ್ಯಾಕ್ಟೀರಿಯ ಸದಾ ಸಿದ್ಧವಾಗಿರುವುದು ಇಡೀ ಚಕ್ರದ ಜೀವಾಳ. ಅಮೆರಿಕದ ಪೂರ್ವದಲ್ಲಿ ಈ ಪಾತ್ರ ಬಿಳಿಗಾಲಿನ ಇಲಿಯದು. ತಿಂಗಳುಗಟ್ಟಲೆ ಬ್ಯಾಕ್ಟೀರಿಯವನ್ನು ಹೊತ್ತೂ ಅದು ಕಾಯಿಲೆ ಬೀಳುವುದು ಕಾಣದು. ಜಿಂಕೆಯ ಕತೆ ಬೇರೆ. ಜನಸಾಮಾನ್ಯರು ಈ ಉಣುಗನ್ನು ಜಿಂಕೆ ಉಣುಗು ಎಂದೇ ಕರೆದರೂ ಜಿಂಕೆಯ ದೇಹದಲ್ಲಿ ಬೊರೆಲಿಯ ಉಳಿಯುವುದಿಲ್ಲ. ಅದು ಉಣುಗುಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ, ಸೋಂಕನ್ನಲ್ಲ. ಕ್ಯಾಲಿಫೋರ್ನಿಯದ ಒಂದು ಬಗೆಯ ಹಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಅದರ ರಕ್ತ ಕುಡಿದ ನಿಂಫ್‌ನ ಕರುಳಿನಲ್ಲಿದ್ದ ಬೊರೆಲಿಯ ಸತ್ತುಹೋಗುತ್ತದೆ. ನ್ಯೂಯಾರ್ಕ್ ರಾಜ್ಯದ ಮಿಲ್‌ಬ್ರೂಕ್‌ನಲ್ಲಿ ರಿಚರ್ಡ್ ಆಸ್ಟ್‌ಫೆಲ್ಡ್ ಮತ್ತು ಸಂಗಡಿಗರು ಹಲವು ವರ್ಷ ಕಾಡನ್ನು ಗಮನಿಸಿ ಇನ್ನೊಂದು ಸರಪಣಿಯನ್ನು ಗುರುತಿಸಿದರು. ಓಕ್ ಮರಗಳು ಹೇರಳವಾಗಿ ಕಾಯಿ ಉದುರಿಸಿದ ಮರುವರ್ಷ ಇಲಿಗಳು ಹೆಚ್ಚುತ್ತವೆ. ಅದರ ಮುಂದಿನ ವರ್ಷ ಸೋಂಕಿತ ನಿಂಫ್‌ಗಳು.

ಮನುಷ್ಯರಿಗೆ ರೋಗ ತರುವುದು ಹೆಚ್ಚಾಗಿ ನಿಂಫ್. ಗಾತ್ರ ಗಸಗಸೆ ಕಾಳಿನಷ್ಟು, ಕಚ್ಚಿದ್ದು ನೋಯುವುದಿಲ್ಲ, ಓಡಾಡುವುದು ಮೇ–ಜುಲೈ ತಿಂಗಳಲ್ಲಿ, ಅಂದರೆ ಅಲ್ಲಿನ ಜನ ಅರೆ ತೋಳಿನ ಉಡುಪು ತೊಟ್ಟು ಹೊರಗೆ ಕಾಲ ಕಳೆಯುವ ಹೊತ್ತಿನಲ್ಲೇ. ಬೊರೆಲಿಯಕ್ಕೆ ಮಾತ್ರ ಮನುಷ್ಯ ಪ್ರಯೋಜನಕ್ಕೆ ಬಾರದವನು. ನಮ್ಮಿಂದ ಅದು ಇನ್ನೊಂದು ಉಣುಗಿಗೆ ದಾಟಿ ಚಕ್ರ ಮುಂದುವರಿಯುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಸೋಂಕು ತಗಲುವ ಬಗೆ

ಹಸಿದ ಉಣುಗಿನ ಕರುಳಿನಲ್ಲಿ ಬೊರೆಲಿಯ ಆಸ್ಪ್‌-ಎ ಎಂಬ ಹೊರಮೈ ಪ್ರೋಟೀನಿನಿಂದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ತೆಪ್ಪಗಿರುತ್ತದೆ. ಉಣುಗು ಕಚ್ಚಿ ಬಿಸಿರಕ್ತ ಒಳಬಂದೊಡನೆ ತಾಪ ಏರುತ್ತದೆ, ಆಮ್ಲತೆ ಬದಲಾಗುತ್ತದೆ, ಪೋಷಕಾಂಶ ಸಿಗುತ್ತದೆ. ಈ ಸೂಚನೆಗಳಿಗೆ ಓಗೊಟ್ಟು ಆರ್‌ಪಿಓಎಸ್ ಎಂಬ ನಿಯಂತ್ರಕ ಪ್ರೋಟೀನು ಜೀನುಗಳ ಒಂದು ತಂಡವನ್ನೇ ಚಾಲೂ ಮಾಡುತ್ತದೆ. ಆಸ್ಪ್‌-ಎ ಕುಗ್ಗಿ ಆಸ್ಪ್‌-ಸಿ ಹೆಚ್ಚುತ್ತದೆ. ಬ್ಯಾಕ್ಟೀರಿಯಗಳು ಕರುಳಿನಲ್ಲಿ ವೃದ್ಧಿಯಾಗಿ, ಗೋಡೆ ದಾಟಿ, ಉಣುಗಿನ ದೇಹದ್ರವದ ಮೂಲಕ ಜೊಲ್ಲುಗ್ರಂಥಿಗಳನ್ನು ಸೇರುತ್ತವೆ. ಇಷ್ಟೆಲ್ಲ ನಡೆಯಲು ಸಮಯ ಬೇಕು. ಅಮೆರಿಕದ ಉಣುಗು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು, ಬಹಳ ಸಲ 36–48 ಗಂಟೆ ಕಚ್ಚಿಕೊಂಡಿದ್ದರೆ ಮಾತ್ರ ಸೋಂಕು ದಾಟುತ್ತದೆ. ಸಂಜೆ ಮೈಯೆಲ್ಲ ತಡವಿ ಉಣುಗು ಹುಡುಕಿ, ಚಿಮುಟದಿಂದ ಚರ್ಮದ ಮಟ್ಟದಲ್ಲೇ ಹಿಡಿದು ನೇರವಾಗಿ ಎಳೆದು ತೆಗೆಯುವ ಸರಳ ಅಭ್ಯಾಸಕ್ಕೆ ಇಷ್ಟು ಬೆಲೆಯಿರುವುದು ಈ ವಿಳಂಬದಿಂದಲೇ. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಕೂಡದು.

ಉಣುಗಿನ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ, ನೋವು ತಿಳಿಯದಂತೆ, ರೋಗನಿರೋಧಕ ಕೋಶಗಳು ಎಚ್ಚರಗೊಳ್ಳದಂತೆ ನೋಡಿಕೊಳ್ಳುತ್ತದೆ. ಅದರಲ್ಲಿನ ಸಾಲ್ಪ್‌15 ಎಂಬ ಪ್ರೋಟೀನನ್ನು ಬೊರೆಲಿಯ ಆಸ್ಪ್‌-ಸಿಗೆ ಅಂಟಿಸಿಕೊಂಡು ಮುಸುಕಾಗಿ ಹೊದೆಯುತ್ತದೆ. ಚರ್ಮ ಸೇರಿದ ಮೇಲೆ ಬೇರೆ ಪ್ರೋಟೀನುಗಳ ಸರದಿ. ಕೆಲವು ನಮ್ಮ ರಕ್ತದ ಫ್ಯಾಕ್ಟರ್-ಎಚ್ ಎಂಬ ಅಣುವನ್ನು ಹಿಡಿದು ಮೈಮೇಲೆ ಕೂರಿಸುತ್ತವೆ. ದೇಹ ತನ್ನ ಸ್ವಂತ ಕೋಶವೆಂದು ಭ್ರಮಿಸಿ ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಕ ಪ್ರೋಟೀನುಗಳ ದಾಳಿಯನ್ನು ತಡೆಹಿಡಿಯುತ್ತದೆ. ಕೆಲವು ಅಂಗಾಂಶದ ಎಳೆಗಳ ಜಾಲದಲ್ಲಿರುವ ಡೆಕೊರಿನ್, ಫೈಬ್ರೊನೆಕ್ಟಿನ್‌ಗಳಿಗೆ ಅಂಟಿ ಕೀಲು, ಹೃದಯ, ನರಗಳಲ್ಲಿ ನೆಲೆ ಕೊಡುತ್ತವೆ.

ಎರಡು-ಮೂರು ವಾರದಲ್ಲಿ ಆಸ್ಪ್‌-ಸಿಯ ವಿರುದ್ಧ ಪ್ರತಿಕಾಯಗಳು ತಯಾರಾಗುವ ಹೊತ್ತಿಗೆ ಬ್ಯಾಕ್ಟೀರಿಯ ಆಸ್ಪ್‌-ಸಿಯನ್ನೇ ಕೈಬಿಟ್ಟು ವಿಎಲ್‌ಎಸ್‌-ಇ ಎಂಬ ಪ್ರೋಟೀನನ್ನು ಮುಂದಿಡುತ್ತದೆ. ಇದರ ಜೀನಿನ ಪಕ್ಕದಲ್ಲೇ 15 ಮೂಕ ಜೀನ್ ತುಣುಕುಗಳಿವೆ. ಅವುಗಳಿಂದ ಚೂರುಚೂರು ನಕಲನ್ನು ಮುಖ್ಯ ಜೀನಿಗೆ ಸೇರಿಸುತ್ತ ಹೋಗುವುದರಿಂದ ಪ್ರೋಟೀನಿನ ರೂಪ ಬದಲಾಗುತ್ತಲೇ ಇರುತ್ತದೆ. ಇಂದಿನ ಪ್ರತಿಕಾಯ ಮುಂದಿನ ವಾರದ ಬೊರೆಲಿಯಕ್ಕೆ ಹೊಂದುವುದಿಲ್ಲ. ಸೋಂಕು ತಿಂಗಳುಗಳು, ಚಿಕಿತ್ಸೆಯಿಲ್ಲದಿದ್ದರೆ ವರ್ಷಗಳೇ ಉಳಿಯುವ ಗುಟ್ಟು ಇದು.

ಬಂಧು ಪ್ರಭೇದಗಳು

ಬರ್ಗ್‌ಡಾರ್ಫೆರಿ ಎಂಬ ಹೆಸರಿನಡಿ ವಿಶಾಲಾರ್ಥದಲ್ಲಿ 20ಕ್ಕೂ ಹೆಚ್ಚು ಪ್ರಭೇದಗಳು ಸೇರುತ್ತವೆ. ಅಮೆರಿಕದ ರೋಗಕ್ಕೆ ಮುಖ್ಯ ಕಾರಣ ಖಾಸಾ ಬರ್ಗ್‌ಡಾರ್ಫೆರಿಯೇ. ಕೀಲುಗಳ ಮೇಲೆ ಇದರ ಕಣ್ಣು. ಯೂರೋಪ್, ಏಷ್ಯಗಳಲ್ಲಿ ಬೊರೆಲಿಯ ಅಫ್ಜೇಲಿ ಚರ್ಮವನ್ನು, ಬೊರೆಲಿಯ ಗರಿನಿ ನರಮಂಡಲವನ್ನು ಹೆಚ್ಚಾಗಿ ಕಾಡುತ್ತವೆ. ಅಫ್ಜೇಲಿಗೆ ದಂಶಕಗಳು ಆಶ್ರಯ. ಗರಿನಿಗೆ ಹಕ್ಕಿಗಳು, ಕಡಲಹಕ್ಕಿಗಳೂ ಸಹ. 2016ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ತಜ್ಞರು ಬೊರೆಲಿಯ ಮೆಯೊನಿಯಿ ಎಂಬ ಇನ್ನೊಂದನ್ನು ವರದಿ ಮಾಡಿದರು. ಮರುಕಳಿಸುವ ಜ್ವರ ತರುವ ಬೊರೆಲಿಯಗಳಿಂದ ಈ ಗುಂಪನ್ನು ಬೇರ್ಪಡಿಸಿ ಬೊರೆಲಿಯೆಲ್ಲ ಎಂಬ ಹೊಸ ಕುಲ ಮಾಡಬೇಕೆಂಬ 2014ರ ಸೂಚನೆ ಇನ್ನೂ ವಿವಾದದಲ್ಲಿದೆ. ವೈದ್ಯರು ಹಳೆಯ ಹೆಸರನ್ನು ಬಿಡುವ ಲಕ್ಷಣ ಕಾಣುವುದಿಲ್ಲ, ಬಿಡದಿರುವುದೇ ರೋಗಿಗಳಿಗೆ ಅನುಕೂಲ.

ಪತ್ತೆ

ಯೂರೋಪಿನ ಚರ್ಮವೈದ್ಯರು ಈ ರೋಗದ ತುಣುಕುಗಳನ್ನು ಬಹಳ ಹಿಂದೆಯೇ ಕಂಡಿದ್ದರು. 1883ರಲ್ಲಿ ಆಲ್ಫ್ರೆಡ್ ಬುಕ್‌ವಾಲ್ಡ್ ಚರ್ಮ ತೆಳುವಾಗಿ ಸುಕ್ಕುಗಟ್ಟುವ ಕಾಯಿಲೆಯನ್ನು ವಿವರಿಸಿದ. 1909ರಲ್ಲಿ ಸ್ವೀಡನ್ನಿನ ಆರ್ವಿಡ್ ಅಫ್ಜೇಲಿಯಸ್ ಉಣುಗು ಕಚ್ಚಿದ ಜಾಗದಿಂದ ಹರಡುತ್ತ ಹೋಗುವ ಕೆಂಪು ಕಲೆಯನ್ನು ಸಹೋದ್ಯೋಗಿಗಳ ಮುಂದಿಟ್ಟ. 1922ರಲ್ಲಿ ಫ್ರಾನ್ಸಿನ ಗರೆನ್ ಮತ್ತು ಬುಜಡೂ ಉಣುಗಿನ ಕಡಿತದ ನಂತರದ ನರರೋಗವನ್ನು ದಾಖಲಿಸಿದರು. ಪೆನಿಸಿಲಿನ್ ಕೊಟ್ಟರೆ ಇಂಥ ಚರ್ಮರೋಗ ವಾಸಿಯಾಗುತ್ತದೆಂಬುದೂ 1950ರ ಸುಮಾರಿಗೆ ತಿಳಿದಿತ್ತು. ತುಣುಕುಗಳೆಲ್ಲ ಒಂದೇ ರೋಗದವು ಎಂಬುದೊಂದು ಮಾತ್ರ ಹೊಳೆದಿರಲಿಲ್ಲ.

ಅವು ಒಂದುಗೂಡಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ಅದೂ ತಾಯಂದಿರ ಹಟದಿಂದ. ಲೈಮ್ ಮತ್ತು ಸುತ್ತಲಿನ ಊರುಗಳಲ್ಲಿ ಮಕ್ಕಳ ಮಂಡಿ ಊದಿಕೊಳ್ಳುವುದು ಕಂಡು ಪಾಲಿ ಮರ್ರೆ ಎಂಬಾಕೆ ರೋಗಿಗಳ ಪಟ್ಟಿಯನ್ನೇ ಮಾಡಿ 1975ರಲ್ಲಿ ರಾಜ್ಯದ ಆರೋಗ್ಯ ಇಲಾಖೆಗೆ ಮುಟ್ಟಿಸಿದಳು. ಜೂಡಿತ್ ಮೆನ್ಶ್ ಎಂಬ ಇನ್ನೊಬ್ಬ ತಾಯಿಯೂ ದೂರಿದ್ದಳು. ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟೀರ್ ತಂಡ 39 ಮಕ್ಕಳು ಮತ್ತು 12 ವಯಸ್ಕರನ್ನು ಪರಿಶೀಲಿಸಿ 1977ರಲ್ಲಿ ‘ಲೈಮ್ ಸಂಧಿವಾತ’ವನ್ನು ಪ್ರಕಟಿಸಿತು. ರೋಗ ಕಾಡುಸೆರಗಿನ ಮನೆಗಳಲ್ಲಿ, ಬೇಸಿಗೆಯಲ್ಲಿ ಹೆಚ್ಚು ಎಂಬುದು ಕೀಟಜನ್ಯ ಸೋಂಕನ್ನು ಸೂಚಿಸಿತು.

ಬ್ಯಾಕ್ಟೀರಿಯ ಸಿಕ್ಕಿದ್ದು 1981ರಲ್ಲಿ, ಬೇರೇನನ್ನೋ ಹುಡುಕುತ್ತಿದ್ದಾಗ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿ ಮೊಂಟಾನದ ರಾಕಿ ಮೌಂಟನ್ ಪ್ರಯೋಗಶಾಲೆಯಲ್ಲಿದ್ದ ವಿಲ್ಲಿ ಬರ್ಗ್‌ಡಾರ್ಫರ್, ನ್ಯೂಯಾರ್ಕ್ ಬಳಿಯ ಶೆಲ್ಟರ್ ದ್ವೀಪದ ಉಣುಗುಗಳಲ್ಲಿ ಚುಕ್ಕೆಜ್ವರ ತರುವ ರಿಕೆಟ್ಸಿಯ ಎಂಬ ಬ್ಯಾಕ್ಟೀರಿಯವನ್ನು ಅರಸುತ್ತಿದ್ದರು. ಕರುಳು ಸೀಳಿ ನೋಡಿದಾಗ ಕಂಡದ್ದು ಬಳುಕುವ ಸ್ಪೈರೋಕೀಟ್‌ಗಳು. ಉಣುಗುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವನ್ನು ಹೊತ್ತಿದ್ದವು. ಆಲನ್ ಬಾರ್ಬರ್ ಅವನ್ನು ಸಾರದಲ್ಲಿ ಬೆಳೆಸಿದರು. 1982ರಲ್ಲಿ ವರದಿ ಹೊರಬಂತು, 1983ರಲ್ಲಿ ರೋಗಿಗಳ ರಕ್ತದಲ್ಲೂ ಅದೇ ಸಿಕ್ಕಿತು, 1984ರಲ್ಲಿ ಕಂಡುಹಿಡಿದವರ ಹೆಸರು ಬ್ಯಾಕ್ಟೀರಿಯಕ್ಕೆ ಬಂತು.

ರೋಗಾಣು ಹೊಸದೇನಲ್ಲ. ಜೀನೋಮ್‌ಗಳ ಹೋಲಿಕೆಯಿಂದ ಅದು ಉತ್ತರ ಅಮೆರಿಕದಲ್ಲಿ ಕನಿಷ್ಠ 60,000 ವರ್ಷಗಳಿಂದ ಇದೆಯೆಂದು 2017ರಲ್ಲಿ ಲೆಕ್ಕ ಹಾಕಲಾಯಿತು. ಹೊಸದಾದದ್ದು ಭೂದೃಶ್ಯ. ವಲಸೆಗಾರರು ಕಡಿದು ಹೊಲ ಮಾಡಿದ ಕಾಡು, ಬೇಸಾಯ ಪಶ್ಚಿಮಕ್ಕೆ ಸರಿದ ಮೇಲೆ ಮತ್ತೆ ಬೆಳೆಯಿತು. ಬೇಟೆಯಿಂದ ಅಳಿಯುವಂತಾಗಿದ್ದ ಜಿಂಕೆ ಹಿಂತಿರುಗಿತು. ಅದರ ನಡುವೆಯೇ ಉಪನಗರಗಳು ಎದ್ದವು.

ರೋಗ ಮತ್ತು ಚಿಕಿತ್ಸೆ

ಕಚ್ಚಿದ 3ರಿಂದ 30 ದಿನಗಳಲ್ಲಿ ಆ ಜಾಗದಲ್ಲಿ ಕೆಂಪು ಕಲೆ ಮೂಡಿ ದಿನದಿನಕ್ಕೆ ಹಿಗ್ಗುತ್ತದೆ. ಇದು 70–80% ರೋಗಿಗಳಲ್ಲಿ ಕಾಣುತ್ತದೆ. ನಡುವೆ ತಿಳಿಯಾಗಿ ಸುತ್ತ ಉಂಗುರವಿರುವ ಕಲೆಯ ಚಿತ್ರವೇ ಎಲ್ಲ ಕಡೆ ಪ್ರಸಿದ್ಧವಾದರೂ, ಅನೇಕರಲ್ಲಿ ಕಲೆ ಪೂರ್ತಿ ಒಂದೇ ಸಮ ಕೆಂಪಾಗಿರುತ್ತದೆ. ಕಂದು, ಕಪ್ಪು ಚರ್ಮದ ಮೇಲೆ ಕೆಂಪು ಎದ್ದು ತೋರದು, ಪತ್ತೆ ತಡವಾಗುತ್ತದೆ. ಪಠ್ಯಪುಸ್ತಕಗಳು ಬಿಳಿ ಚರ್ಮದ ಚಿತ್ರಗಳನ್ನೇ ತುಂಬಿಕೊಂಡಿರುವುದೂ ಇದಕ್ಕೊಂದು ಕಾರಣ.

ವಾರಗಳ ನಂತರ ಬ್ಯಾಕ್ಟೀರಿಯ ರಕ್ತದ ಮೂಲಕ ಹರಡಿದಾಗ ಮೈಯ ಹಲವೆಡೆ ಕಲೆ, ಮುಖದ ಒಂದು ಪಕ್ಕ ಸೊಟ್ಟಗಾಗುವುದು, ಮಿದುಳ್ಪೊರೆಯ ಉರಿಯೂತ, ಹೃದಯದ ವಿದ್ಯುತ್ ಸಂಕೇತಗಳಿಗೆ ತಡೆ ಕಾಣಿಸಬಹುದು. ಹೃದಯದ ತೊಂದರೆ ಅಪರೂಪ, ಆದರೆ ಪ್ರಾಣಕ್ಕೆ ಬರಬಲ್ಲದು. ತಿಂಗಳುಗಳ ಮೇಲೆ ದೊಡ್ಡ ಕೀಲುಗಳು, ಮುಖ್ಯವಾಗಿ ಮಂಡಿ, ಊದಿಕೊಳ್ಳುತ್ತವೆ. ಕೆಲವರಲ್ಲಿ ಔಷಧಿಯಿಂದ ಬ್ಯಾಕ್ಟೀರಿಯ ಹೋದರೂ ಬಾವು ಉಳಿಯುವುದೇಕೆ ಎಂಬುದಕ್ಕೆ 2019ರಲ್ಲಿ ಒಂದು ಸುಳಿವು ಸಿಕ್ಕಿತು: ಬೊರೆಲಿಯ ಬೆಳೆಯುವಾಗ ಉದುರಿಸಿದ ಪೆಪ್ಟಿಡೊಗ್ಲೈಕನ್ ಚೂರುಗಳು ರೋಗಿಗಳ ಕೀಲಿನ ದ್ರವದಲ್ಲಿ ಉಳಿದು ಉರಿಯೂತವನ್ನು ಕೆಣಕುತ್ತಿದ್ದವು.

ಕಲೆ ಸ್ಪಷ್ಟವಾಗಿದ್ದರೆ ರಕ್ತಪರೀಕ್ಷೆಗೆ ಕಾಯಬೇಕಿಲ್ಲ. ಪ್ರತಿಕಾಯಗಳು ಮೂಡಲು ವಾರಗಳು ಬೇಕಾದುದರಿಂದ ಆರಂಭದ ಪರೀಕ್ಷೆ ಬಹಳ ಸಲ ನೆಗೆಟಿವ್. ನಂತರದ ಹಂತದಲ್ಲಿ ಎಲೈಸ ಎಂಬ ಪ್ರತಿಕಾಯ ಪರೀಕ್ಷೆ ಮಾಡಿ, ಅದು ಪಾಸಿಟಿವ್ ಬಂದರೆ ಎರಡನೆಯ ಪರೀಕ್ಷೆಯಿಂದ ದೃಢಪಡಿಸಿಕೊಳ್ಳುವ ಕ್ರಮವಿದೆ. ವಾಸಿಯಾದ ವರ್ಷಗಳ ಮೇಲೂ ಪ್ರತಿಕಾಯ ಉಳಿಯಬಹುದು, ಆದ್ದರಿಂದ ಪಾಸಿಟಿವ್ ಎಂದರೆ ಈಗ ಸೋಂಕಿದೆ ಎಂದಲ್ಲ.

ಡಾಕ್ಸಿಸೈಕ್ಲಿನ್ ಅಥವಾ ಅಮಾಕ್ಸಿಸಿಲಿನ್ 10–14 ದಿನ ನುಂಗಿದರೆ ಆರಂಭದ ರೋಗ ಬಹುತೇಕರಲ್ಲಿ ಪೂರ್ತಿ ವಾಸಿ. ನರ, ಹೃದಯಗಳ ತೀವ್ರ ಸೋಂಕಿಗೆ ಸೆಫ್ಟ್ರಿಯಾಕ್ಸೋನ್ ಅನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕೆಲವರಿಗೆ ಚಿಕಿತ್ಸೆಯ ನಂತರವೂ ಸುಸ್ತು, ನೋವು ತಿಂಗಳುಗಟ್ಟಲೆ ಇರುತ್ತದೆ. ಈ ನರಳಿಕೆ ನಿಜ. ಆದರೆ ಪ್ರತಿಜೀವಕವನ್ನು ತಿಂಗಳಾನುಗಟ್ಟಲೆ ಮುಂದುವರಿಸಿದರೆ ಗುಣವಾಗುತ್ತದೆಂಬುದನ್ನು 2001 ಮತ್ತು 2016ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗಗಳು ಒಪ್ಪಲಿಲ್ಲ. ಅದನ್ನು ಮಾರುವ ಖಾಸಗಿ ಚಿಕಿತ್ಸಾಲಯಗಳ ಬಗ್ಗೆ ಎಚ್ಚರ ಅಗತ್ಯ.

ಲಸಿಕೆಯ ಇತಿಹಾಸ ವಿಷಾದಕರ. ಆಸ್ಪ್‌-ಎ ಆಧರಿಸಿದ ಲೈಮ್‌ರಿಕ್ಸ್‌ಗೆ 1998ರಲ್ಲಿ ಅನುಮತಿ ಸಿಕ್ಕಿತು. ಅದು ಕೆಲಸ ಮಾಡುತ್ತಿದ್ದ ರೀತಿ ಸೊಗಸಾದದ್ದು: ಲಸಿಕೆ ಪಡೆದವರ ರಕ್ತದಲ್ಲಿನ ಪ್ರತಿಕಾಯ ಉಣುಗಿನ ಹೊಟ್ಟೆ ಸೇರಿ, ಬೊರೆಲಿಯ ಹೊರಡುವ ಮೊದಲೇ ಅಲ್ಲಿಯೇ ಅದನ್ನು ಕೊಲ್ಲುತ್ತಿತ್ತು. ಮೂರು ಡೋಸಿನ ನಂತರ ರಕ್ಷಣೆ ಸುಮಾರು 76%. ಲಸಿಕೆಯಿಂದ ಸಂಧಿವಾತ ಬರುತ್ತದೆಂಬ ಪುರಾವೆಯಿಲ್ಲದ ಭಯ, ಮೊಕದ್ದಮೆಗಳು, ಕುಸಿದ ಬೇಡಿಕೆಗಳಿಂದ ತಯಾರಕರು 2002ರಲ್ಲಿ ಅದನ್ನು ಹಿಂತೆಗೆದುಕೊಂಡರು. ನಾಯಿಗಳಿಗೆ ಲಸಿಕೆ ದೊರೆಯುತ್ತಲೇ ಇದೆ. ಅದೇ ಆಸ್ಪ್‌-ಎ ಆಧರಿಸಿ ವಾಲ್ನೇವ ಮತ್ತು ಫೈಜರ್ ಕಂಪನಿಗಳು ಸಿದ್ಧಪಡಿಸಿದ ಇನ್ನೊಂದು ಲಸಿಕೆಯ ಮೂರನೆಯ ಹಂತದ ಪ್ರಯೋಗ 2022ರಲ್ಲಿ ಶುರುವಾಯಿತು.

ಭಾರತದಲ್ಲಿ

ಭಾರತದಿಂದ ಲೈಮ್ ರೋಗದ ಬಿಡಿಬಿಡಿ ವರದಿಗಳಷ್ಟೇ ಬಂದಿವೆ. ಬಂಡೀಪುರ, ನಾಗರಹೊಳೆ ಕಾಡುಗಳ ಸುತ್ತಲಿನವರ ರಕ್ತದಲ್ಲಿ ಬೊರೆಲಿಯ ವಿರುದ್ಧದ ಪ್ರತಿಕಾಯಗಳನ್ನು ಹುಡುಕಿದ ಸಮೀಕ್ಷೆಯೂ ಇದೆ. ಆದರೆ ಇಂಥ ಪರೀಕ್ಷೆಗಳು ಬೇರೆ ಸ್ಪೈರೋಕೀಟ್‌ಗಳ ಪ್ರತಿಕಾಯಗಳಿಗೂ ಸ್ಪಂದಿಸಬಲ್ಲವು. ಇಲಿಜ್ವರ ವ್ಯಾಪಕವಾಗಿರುವ ನಾಡಿನಲ್ಲಿ ಪ್ರತಿಕಾಯವೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಇಲ್ಲಿನ ವೈದ್ಯರ ಮುಂದೆ ಬರುವ ಖಚಿತ ಪ್ರಕರಣ ಬಹುಶಃ ನ್ಯೂಜೆರ್ಸಿಯಲ್ಲೋ ಕನೆಕ್ಟಿಕಟ್‌ನಲ್ಲೋ ಇರುವ ಮಗನ ಮನೆಯಲ್ಲಿ ಬೇಸಿಗೆ ಕಳೆದು ಮರಳಿದ ತಂದೆತಾಯಿಯರದು. ಪ್ರಯಾಣದ ವಿವರ ಕೇಳದಿದ್ದರೆ ತಿಳಿಯದು.

ಮಲೆನಾಡಿನಲ್ಲಿ ಉಣುಗು ಎಂದೊಡನೆ ನೆನಪಾಗುವುದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಎರಡರಲ್ಲೂ ಮನುಷ್ಯರಿಗೆ ಸೋಂಕು ತರುವುದು ಹೆಚ್ಚಾಗಿ ನಿಂಫ್‌ಗಳೇ. ಸಾಮ್ಯ ಅಲ್ಲಿಗೆ ಮುಗಿಯಿತು. ಮಂಗನ ಕಾಯಿಲೆಯದು ವೈರಸ್, ಹರಡುವ ಉಣುಗು ಹೀಮಫೈಸಾಲಿಸ್ ಎಂಬ ಬೇರೆ ಕುಲದ್ದು, ಜ್ವರ ಏಕಾಏಕಿ ಏರುತ್ತದೆ, ಡಾಕ್ಸಿಸೈಕ್ಲಿನ್ ಅದರ ಮೇಲೆ ಕೆಲಸ ಮಾಡುವುದಿಲ್ಲ.